ಜಾಗಕ್ಕಿಂತ ಹೊತ್ತು ಮುಖ್ಯ: ಮುಂಬಯಿಯ ಬಂಡೆದಂಡೆಯಲ್ಲಿ ಇಳಿತದ ನಡಿಗೆ

ಮುಂಬಯಿ ಕಡಲಲ್ಲಿ ನೋಡುವುದಕ್ಕೆ ಏನಿದೆ ಎಂದು ಕೇಳುವವರಲ್ಲಿ ಹೆಚ್ಚಿನವರು ಭಾನುವಾರ ಸಂಜೆ, ಮನೆಯವರಿಗೆಲ್ಲ ಪುರುಸೊತ್ತಾದ ಗಳಿಗೆಯಲ್ಲಿ, ದಂಡೆಗೆ ಹೋದವರು. ಕಡಲಿಗೆ ನಮ್ಮ ಪುರುಸೊತ್ತು ಗೊತ್ತಿಲ್ಲ. ಅದೇ ಕಾರ್ಟರ್ ರೋಡಿನ ಬಂಡೆ, ಅದೇ ಜುಹೂ ಮರಳು, ನೀರು ಚೆನ್ನಾಗಿ ಇಳಿದ ದಿನ ಬೇರೆಯೇ ಊರು. ಹಾಗಾಗಿ ಎಲ್ಲಿಗೆ ಹೋಗಬೇಕು ಎಂಬುದಕ್ಕಿಂತ ಮೊದಲು ಯಾವಾಗ ಹೋಗಬೇಕು ಎಂಬುದನ್ನು ಬರೆಯುತ್ತೇನೆ.

ಮುಂಬಯಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇಲ್ಲಿಯವರ ಬಾಯಲ್ಲಿ ಭರತಿ, ಓಹೋಟಿ. ಪ್ರತಿದಿನ ಸುಮಾರು 50 ನಿಮಿಷ ತಡ. ಕೊಂಕಣ ಕರಾವಳಿಯ ಹಳೆಯ ಲೆಕ್ಕವೊಂದು ಪಂಚಾಂಗ ನೋಡುವ ಮನೆಯವರಿಗೆ ಬಲು ಸಲೀಸು: ಅಂದಿನ ತಿಥಿಯ ಮುಕ್ಕಾಲು ಪಾಲು ಎಷ್ಟೋ ಅದೇ ತುಂಬು ಭರತಿಯ ಗಂಟೆ. ಚೌತಿಯಾದರೆ ನಾಲ್ಕರ ಮುಕ್ಕಾಲು ಮೂರು, ಅಂದರೆ 3 ಗಂಟೆಗೆ ಭರತಿ. ಅಷ್ಟಮಿಗೆ 6. ಹುಣ್ಣಿಮೆ, ಅಮಾವಾಸ್ಯೆ ಎರಡನ್ನೂ ಹದಿನೈದು ಎಂದು ಹಿಡಿದರೆ 11:15. ಅದಕ್ಕೆ ಆರು ಗಂಟೆ ಚಿಲ್ಲರೆ ಕೂಡಿಸಿದರೆ ಇಳಿತ. ಅರ್ಧ-ಮುಕ್ಕಾಲು ಗಂಟೆ ಆಚೀಚೆ ಆಗುತ್ತದೆ, ಆದ್ದರಿಂದ ತಿಂಗಳ ದಿನ ಗೊತ್ತುಮಾಡಲು ಇದು ಸಾಕು, ಮನೆ ಬಿಡುವ ಹೊತ್ತಿಗೆ ಸಾಲದು. ಅದಕ್ಕೆ ಉಬ್ಬರವಿಳಿತದ ಪಟ್ಟಿಯನ್ನೇ ನೋಡಬೇಕು.

ಪಟ್ಟಿಯಲ್ಲಿ ನೋಡಬೇಕಾದದ್ದು ಗಂಟೆಯನ್ನಷ್ಟೇ ಅಲ್ಲ, ನೀರಿನ ಎತ್ತರ ಹೇಳುವ ಪಕ್ಕದ ಮೀಟರ್ ಅಂಕಿಯನ್ನು. ಗೇಟ್‌ವೇ ಆಫ್ ಇಂಡಿಯಾ ಬಳಿಯ ಅಪೋಲೊ ಬಂದರಿನ ಲೆಕ್ಕದಲ್ಲಿ ಹುಣ್ಣಿಮೆ-ಅಮಾವಾಸ್ಯೆ ಆಸುಪಾಸಿನ ಸರಾಸರಿ ಭರತಿ ಸುಮಾರು 4.4 ಮೀಟರ್, ಸರಾಸರಿ ಇಳಿತ ಸುಮಾರು 0.75. ಅಷ್ಟಮಿಯ ಸುತ್ತ ನೀರು 1.8ರ ಹತ್ತಿರವೇ ನಿಂತುಬಿಡುತ್ತದೆ, ಕೆಳಗಿನ ಬಂಡೆ ಬಾಯಿಬಿಡುವುದೇ ಇಲ್ಲ. ನಾನು 0.6ಕ್ಕಿಂತ ಕಡಿಮೆ ಇರುವ ದಿನಗಳನ್ನು ಮಾತ್ರ ಗುರುತು ಹಾಕುತ್ತೇನೆ, 0.3 ಸಿಕ್ಕರೆ ಹಬ್ಬ. ಒಂದೇ ದಿನದ ಎರಡು ಇಳಿತಗಳೂ ಸಮ ಇರುವುದಿಲ್ಲ. ಬೆಳಗಿನದು 0.4 ಇದ್ದು ಸಂಜೆಯದು 1.3 ಇರಬಹುದು, ಇನ್ನೊಂದು ಕಾಲದಲ್ಲಿ ಇದರ ತಿರುವುಮುರುವು. ಹೊಸಬರು ಎಡವುವುದು ಇಲ್ಲೇ: ‘ಇವತ್ತು ಅಮಾವಾಸ್ಯೆ’ ಎಂದಷ್ಟೇ ನೋಡಿ ತಪ್ಪು ಇಳಿತಕ್ಕೆ ಹೋಗುತ್ತಾರೆ. ನೀರು ಅತಿ ಕೆಳಕ್ಕೆ ಹೋಗುವುದು ಸಾಮಾನ್ಯವಾಗಿ ಹುಣ್ಣಿಮೆ, ಅಮಾವಾಸ್ಯೆಯ ದಿನವಲ್ಲ, ಮುಂದಿನ ಒಂದೆರಡು ದಿನಗಳಲ್ಲಿ. ಪಾಡ್ಯ, ಬಿದಿಗೆ ನನ್ನ ಮೆಚ್ಚಿನ ತಿಥಿಗಳು. ಇಳಿತವೂ ಆರೂವರೆಯಿಂದ ಎಂಟರೊಳಗೆ ಬೀಳುತ್ತದೆ. ಬೆಳಗಿನ ಲೋಕಲ್ ಹಿಡಿದು ಹೋಗಿ, ಹತ್ತು ಗಂಟೆಗೆ ಮನೆಯಲ್ಲಿ ದೋಸೆ ತಿನ್ನಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಕಿ ಎಷ್ಟೇ ಚೆನ್ನಾಗಿರಲಿ, ಬಂಡೆಗೆ ಇಳಿಯುವ ಮಾತೇ ಬೇಡ. ಪಟ್ಟಿಯಲ್ಲಿ ಅಲೆಯ ಲೆಕ್ಕ ಇರುವುದಿಲ್ಲ.

ಇಳಿತಕ್ಕೆ ಒಂದು ಗಂಟೆ ಮೊದಲೇ ದಂಡೆಯಲ್ಲಿರಬೇಕು, ಇಳಿತ ಮುಗಿದು ಅರ್ಧ ಗಂಟೆಯೊಳಗೆ ವಾಪಸ್ ಹೊರಡಬೇಕು. ಕಾರಣವಿದೆ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದು ಇಳಿತ 0.4, ಭರತಿ 4.4 ಎಂದಿಟ್ಟುಕೊಳ್ಳಿ. ಮೊದಲ ಗಂಟೆಯಲ್ಲಿ ನೀರು ಏರುವುದು ಬರೀ ಒಂದಡಿಯಷ್ಟು; ಇನ್ನೂ ಹೊತ್ತಿದೆ ಎನಿಸುತ್ತದೆ. ಮೂರನೆಯ ಗಂಟೆಯಲ್ಲಿ ಒಂದು ಮೀಟರ್. ಅದಕ್ಕಿಂತ ಮೋಸ ಮಾಡುವುದು ಬಂಡೆಗಳ ನಡುವಿನ ಕಾಲುವೆ. ನೀವು ಎತ್ತರದ ಬಂಡೆಯ ಮೇಲೆ ಒಣ ಕಾಲಲ್ಲಿ ನಿಂತಿರುವಾಗಲೇ ಬೆನ್ನ ಹಿಂದಿನ ಕಾಲುವೆ ತುಂಬಿರುತ್ತದೆ. ಬರುವಾಗ ದಾಟಿದ ಪ್ರತಿ ಕಾಲುವೆಯನ್ನೂ ತಿರುಗಿ ನೋಡಿ ನೆನಪಿಟ್ಟುಕೊಳ್ಳಿ. ಮೊಬೈಲಿನಲ್ಲಿ ಇಳಿತದ ಹೊತ್ತಿಗೆ ಒಂದು ಅಲಾರಂ, ಅದಾಗಿ ಇಪ್ಪತ್ತು ನಿಮಿಷಕ್ಕೆ ಇನ್ನೊಂದು.

ಕಾಲಿಗೆ ಚಪ್ಪಲಿ, ಕ್ರಾಕ್ಸ್ ಬೇಡ. ಬೆರಳು ಮುಚ್ಚುವ, ಅಡಿ ಸವೆಯದ, ಲೇಸು ಬಿಗಿಯುವ ಹಳೆಯ ಕ್ಯಾನ್ವಾಸ್ ಶೂ ಸಾಕು. ಬೂದು ಬಣ್ಣದ ಒರಟು ಬಂಡೆ ಹಿಡಿತ ಕೊಡುತ್ತದೆ. ಹಸಿರು ಪಾಚಿ ಸಾಬೂನು ಇದ್ದಂತೆ. ಬಿಳಿಯಂಚಿನ ಸಿಂಪಿಗಳಿರುವ ಕಡೆ ಅಂಗೈ ಊರಿದರೆ ಬ್ಲೇಡು. ಉದ್ದ ಪ್ಯಾಂಟು, ಕುಡಿಯುವ ನೀರು, ಚಳಿಗಾಲಕ್ಕೆ ಹಣೆಗೆ ಕಟ್ಟುವ ಟಾರ್ಚು, ಮತ್ತು ಒಂದು ಕಪ್ಪು ಕೊಡೆ. ಕೊಡೆ ಏಕೆಂದು ಮುಂದೆ ಹೇಳುತ್ತೇನೆ.

ದಂಡೆಯನ್ನು ಮೆಟ್ಟಿಲಿನ ಹಾಗೆ ಓದಬೇಕು. ಮೇಲಿನ ಮೆಟ್ಟಿಲಲ್ಲಿ ಕಾಳುಮೆಣಸಿನಷ್ಟು ಸಣ್ಣ ಬಸವನಹುಳುಗಳು, ಬಂಡೆಗೆ ಗಾರೆಯಂತೆ ಅಂಟಿದ ಗಟ್ಟಿ ಚಿಪ್ಪಿನ ಜೀವಿಗಳಾದ ಬಾರ್ನಕಲ್‌ಗಳು. ನಡುವೆ ಸಿಂಪಿ, ಏಡಿ. ತೀರಾ ಕೆಳಗೆ, ತಿಂಗಳಲ್ಲಿ ಕೆಲವೇ ದಿನ ಗಾಳಿ ಕಾಣುವ ಪಟ್ಟಿಯಲ್ಲಿ, ಸ್ಪಂಜು, ಕಡಲ ಹೂ ಎಂಬ ಪ್ರಾಣಿ (ಸೀ ಅನಿಮೋನ್), ಝೊಯಾಂಥಿಡ್, ಅಲ್ಲಲ್ಲಿ ಹವಳ. ಹೋದ ಕೂಡಲೇ ನೀರಿನಂಚಿಗೆ ಓಡಬೇಡಿ. ನೀರನ್ನು ಹಿಂಬಾಲಿಸುತ್ತ ಇಳಿಯಿರಿ, ತಿರುಗಿದಾಗ ಅದಕ್ಕಿಂತ ಮುಂದೆ ಹತ್ತಿ.

ಝೊಯಾಂಥಿಡ್ ಅನ್ನು ಮೊದಲ ಸಲ ನೋಡಿದವರು ಪಾಚಿ ಎಂದುಕೊಂಡು ಮೇಲೆ ನಡೆದುಬಿಡುತ್ತಾರೆ. ಬಗ್ಗಿ ನೋಡಿ: ಅಂಗಿಯ ಗುಂಡಿಯಂಥ ಸಣ್ಣ ಸಣ್ಣ ತಟ್ಟೆಗಳು ಒತ್ತೊತ್ತಾಗಿ ಕೂತಿರುತ್ತವೆ. ನೀರಿನಡಿ ಇರುವವು ಅಂಚಿಗೆ ಗಿಡ್ಡ ರೆಪ್ಪೆ ಬಿಚ್ಚಿಕೊಂಡು ಅರಳಿರುತ್ತವೆ. ನೀರಿನಿಂದ ಹೊರಗುಳಿದವು ಮುಚ್ಚಿ, ಕಂದು ಗುಳ್ಳೆಗಳಾಗಿ ನುಣ್ಣಗೆ ಹೊಳೆಯುತ್ತವೆ. ಇವು ಹವಳದ ಬಳಗದ ಪ್ರಾಣಿಗಳು. ಇವುಗಳ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷ ಇರುವುದರಿಂದ ಮುಟ್ಟಬಾರದು, ಗಾಯವಾದ ಕೈಯಲ್ಲಂತೂ ಖಂಡಿತ ಬೇಡ. ಹವಳಕ್ಕೆ ಕಾನೂನಿನ ಕಾವಲೂ ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆಗೇ ಗಟ್ಟಿ ಹವಳಗಳೂ ಇವೆ. ಕೋಸ್ಟಲ್ ರೋಡ್ ಕಾಮಗಾರಿಗಾಗಿ 2020ರಲ್ಲಿ ವರ್ಳಿ, ಹಾಜಿ ಅಲಿಯ 18 ಹವಳದ ಗುಂಪುಗಳನ್ನು ಬೇರೆಡೆಗೆ ಸಾಗಿಸಬೇಕಾದದ್ದೂ ಈ ಕಾವಲಿನಿಂದಲೇ. ಒಣಗಿದ ಚೂರೇ ಆದರೂ ಜೇಬಿಗೆ ಹಾಕಬೇಡಿ.

ಜುಹೂ, ಗಿರ್ಗಾಂವ್‌ನಂಥ ಮರಳು ದಂಡೆಯಲ್ಲಿ ಕಣ್ಣು ಬೇರೆ ಥರ ಹೊಂದಿಸಿಕೊಳ್ಳಬೇಕು. ಸಾಸಿವೆ, ಕೊತ್ತಂಬರಿ ಕಾಳಿನಷ್ಟು ಮರಳುಂಡೆಗಳು ಒಂದು ತೂತಿನ ಸುತ್ತ ರಂಗೋಲಿಯಂತೆ ಹರಡಿದ್ದರೆ ಒಳಗೆ ಮರಳುಂಡೆ ಏಡಿ ಇದೆ. ಹರಿದ ರಬ್ಬರ್ ಕಾಲರಿನ ಹಾಗೆ, ಒಂದು ಕಡೆ ಬಾಯಿ ಬಿಟ್ಟ ಬೂದು ಬಳೆ ಸಿಕ್ಕಿದರೆ ಕಸ ಎಂದು ಎತ್ತಬೇಡಿ. ಅದು ಚಂದ್ರಬಸವನಹುಳು ಮರಳನ್ನು ಲೋಳೆಯಲ್ಲಿ ಕಲಸಿ ಕಟ್ಟಿದ ಮೊಟ್ಟೆಗಳ ಪಟ್ಟಿ. ಬೆರಳಿನಿಂದ ಒತ್ತಿದರೆ ಬಾಗುತ್ತದೆ, ಮೊಟ್ಟೆ ಒಡೆದ ಮೇಲೆ ಪುಡಿಯಾಗುತ್ತದೆ.

ಇನ್ನು ನೋಡುವ ಕ್ರಮ. ಎರಡು ಗಂಟೆಯಲ್ಲಿ ಒಂದು ಕಿಲೋಮೀಟರ್ ನಡೆದವರಿಗಿಂತ ಒಂದೇ ಗುಂಡಿಯ ಪಕ್ಕ ಹತ್ತು ನಿಮಿಷ ಕೂತವರಿಗೆ ಹೆಚ್ಚು ಕಾಣುತ್ತದೆ. ನೆರಳು ನೀರಿನ ಮೇಲೆ ಬೀಳದ ಕಡೆ ಕುಕ್ಕರಗಾಲಲ್ಲಿ ಕೂರಿ. ಮೊದಲ ಎರಡು ನಿಮಿಷ ಏನೂ ಇರುವುದಿಲ್ಲ. ಆಮೇಲೆ ‘ಸತ್ತ ಚಿಪ್ಪು’ಗಳು ನಡೆಯಲು ಶುರು: ಸನ್ಯಾಸಿ ಏಡಿಗಳು. ಗಾಜಿನಂಥ ಸಿಗಡಿ, ಬಂಡೆಯದೇ ಬಣ್ಣದ ಗೋಬಿ ಮೀನು ಕೊನೆಗೆ. ಚಿಪ್ಪು ಆಯ್ದು ಮನೆಗೆ ಒಯ್ಯುವ ಚಟ ಇರುವವರಿಗೆ ಒಂದು ಮಾತು: ಬೆಳೆಯುವ ಸನ್ಯಾಸಿ ಏಡಿಗೆ ದೊಡ್ಡ ಖಾಲಿ ಚಿಪ್ಪು ಬೇಕೇಬೇಕು, ಅದೇ ಅದರ ಮುಂದಿನ ಖೋಲಿ. ಮುಂಬಯಿಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಕಲ್ಲು ಮಗುಚುವುದಿದ್ದರೆ ಎರಡು ಅಂಗೈಗಿಂತ ದೊಡ್ಡದು ಬೇಡ. ನಿಮ್ಮ ಕಡೆಗೆ ಎತ್ತಿ, ಒಳಗಿನ ಜೀವ ಆಚೆಗೆ ಓಡಲಿ. ನೋಡಿ ಆದ ಮೇಲೆ ಅದೇ ಜಾಗ, ಅದೇ ಮಗ್ಗುಲು. ಮಗುಚಿ ಹಾಗೇ ಬಿಟ್ಟರೆ ಅಡಿಯ ಸ್ಪಂಜು, ಮೊಟ್ಟೆಗಳು ಬಿಸಿಲಿಗೆ ಒಣಗುತ್ತವೆ, ಮೇಲಿನ ಪಾಚಿ ಕತ್ತಲಲ್ಲಿ ಕೊಳೆಯುತ್ತದೆ. ಮಕ್ಕಳು ಬಕೆಟ್ ತರುವುದನ್ನು ನಾನು ಬಿಡಿಸಿದ್ದೇನೆ. ಅಷ್ಟು ಕಡಿಮೆ ನೀರು ಬಿಸಿಲಲ್ಲಿ ಬೇಗ ಕಾಯುತ್ತದೆ, ಆಮ್ಲಜನಕ ಇಳಿಯುತ್ತದೆ, ಮೀನು ಸಾಯುತ್ತದೆ.

ಫೋಟೋಗೆ ದೊಡ್ಡ ತೊಂದರೆ ನೀರಿನ ಮೇಲಿನ ಆಕಾಶದ ಹೊಳಪು. ಕಪ್ಪು ಕೊಡೆ ಹಿಡಿದರೆ ಹೊಳಪು ಸತ್ತು ತಳ ಕಾಣುತ್ತದೆ. ಒಂದು ಜೀವಕ್ಕೆ ಮೂರು ಚಿತ್ರ: ಸುತ್ತಲ ಜಾಗದೊಂದಿಗೆ, ಮೇಲಿನಿಂದ, ಪಕ್ಕದಿಂದ. ಅಳತೆಗೆ ಪಕ್ಕದಲ್ಲಿ ನಾಣ್ಯ, ಮೈಮೇಲಲ್ಲ. ಜೀವಿಗಳ ಚಿತ್ರ ಹಾಕಿ ಗುರುತಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕುವಾಗ ಜಾಗ, ಗಂಟೆ ತಪ್ಪದೆ ಸೇರಿಸಿ. 2017ರಿಂದ ಮರೈನ್ ಲೈಫ್ ಆಫ್ ಮುಂಬಯಿ ತಂಡ ಈ ನಗರದ ದಂಡೆಯ ಜೀವಿಗಳನ್ನು ದಾಖಲಿಸುತ್ತ ಬಂದಿದೆ. ಹೆಸರು ಗೊತ್ತಾಗದಿದ್ದರೆ ಅವರ ಚಿತ್ರಗಳೊಂದಿಗೆ ಹೋಲಿಸಿ ನೋಡಬಹುದು.

ಊರಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕಿ, ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು ತೊರಕೆಯ ಸಾರು ಉಂಡು ಬೆಳೆದ ನಮ್ಮ ಕರಾವಳಿಯವರಿಗೆ ಧೈರ್ಯ ಸ್ವಲ್ಪ ಜಾಸ್ತಿ. ಆ ತೊರಕೆಯೇ 2013ರ ಗಣೇಶ ವಿಸರ್ಜನೆಯಲ್ಲಿ ಗಿರ್ಗಾಂವ್ ಚೌಪಾಟಿಯಲ್ಲಿ ಹತ್ತಾರು ಜನರ ಕಾಲಿಗೆ ಮುಳ್ಳು ಚುಚ್ಚಿತು. ಕಲಕಿದ ನೀರಿನಲ್ಲಿ ಕಾಲೆತ್ತಿ ಹೆಜ್ಜೆ ಇಡಬೇಡಿ, ಮರಳಲ್ಲಿ ಎಳೆಯುತ್ತ ಹೋಗಿ. ಸದ್ದಿಗೆ ಅದು ಸರಿಯುತ್ತದೆ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿನೀರಿನಲ್ಲಿ, 45 ಡಿಗ್ರಿ ಮೀರದಂತೆ, ಕಾಲು ಮುಳುಗಿಸಿ ಆಸ್ಪತ್ರೆಗೆ ಹೊರಡಿ. ಮುರಿದು ಆಳಕ್ಕಿಳಿದ ಮುಳ್ಳನ್ನು ನೀವೇ ಕೀಳಬೇಡಿ. ಶಂಕುವಿನಾಕಾರದ ಚೆಂದದ ಚಿಪ್ಪನ್ನು, ಅಂದರೆ ಕೋನ್ ಶಂಖವನ್ನು, ಕೈಗೆತ್ತಿಕೊಳ್ಳಲೇಬೇಡಿ. ಅದಕ್ಕೆ ವಿಷದ ಚೂಪು ಈಟಿ ಇದೆ.

ವಾಪಸ್ ಬರುವಾಗ ಕಸ ಆಯುವುದಾದರೆ ಬಾಟಲಿ, ಡಬ್ಬಿಗಳನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಏಡಿ, ಸಣ್ಣ ಆಕ್ಟೋಪಸ್ ಅಲ್ಲಿ ಸಂಸಾರ ಹೂಡಿರುತ್ತವೆ. ಬಂಡೆಗೆ ಸುತ್ತಿಕೊಂಡ ಬಲೆಯನ್ನು ಎಳೆಯಬಾರದು, ಜೊತೆಗೆ ಝೊಯಾಂಥಿಡ್, ಸ್ಪಂಜು ಕಿತ್ತುಬರುತ್ತವೆ. ಕತ್ತರಿಯಿಂದ ಸಡಿಲವಾದಷ್ಟನ್ನು ಕತ್ತರಿಸಿ, ಜೀವ ಬೆಳೆದುಕೊಂಡ ಭಾಗವನ್ನು ಹಾಗೇ ಬಿಡಿ. ಮನೆಗೆ ಬಂದೊಡನೆ ಕಾಲು ಸಾಬೂನಿನಿಂದ, ಗೀರುಗಳಿದ್ದರೆ ನಂಜುನಿರೋಧಕದಿಂದ ತೊಳೆಯಿರಿ; ನಗರದ ಮೋರಿ ನೀರು ಸೇರುವ ಕಡಲಿದು. ಶೂ ಸಿಹಿನೀರಿನಲ್ಲಿ ಅದ್ದಿ ನೆರಳಲ್ಲಿ ಒಣಹಾಕಿ. ಬಿಸಿಲಿಗಿಟ್ಟರೆ ಅಂಟು ಬಿಟ್ಟು, ಮುಂದಿನ ಬಿದಿಗೆಗೆ ಅಟ್ಟೆ ಬಂಡೆಯ ಮೇಲೇ ಉಳಿಯುತ್ತದೆ.