ಡೊಂಗ್‌ಗುವಾನ್ ಮತ್ತು ಪೀಣ್ಯ: ಬಾಸ್‌ಗೆ ಸಿಸಿ ಹಾಕೋದು ಬಿಟ್ಟ ಮೇಲೆ ರಿಜೆಕ್ಷನ್ ಇಳೀತು

ನಾನು ಸ್ಟ್ರೀಟ್‌ಲೈಟ್ ಮಾಡೋನು, ಅದರ ಹೌಸಿಂಗ್, ಅಂದ್ರೆ ಹೊರಗಿನ ಲೋಹದ ಬಾಡಿ, ಚೀನಾದ ಡೊಂಗ್‌ಗುವಾನ್‌ನಿಂದ ತರಿಸ್ತೀನಿ. ಹೋದ ತಿಂಗಳು ಬಂದ ಲಾಟ್‌ನಲ್ಲಿ ಎರಡೂವರೆ ಸಾವಿರ ಹೌಸಿಂಗ್ ಇತ್ತು, ಚೆಕ್ ಮಾಡಿ ಪಕ್ಕಕ್ಕೆ ಎತ್ತಿಟ್ಟಿದ್ದು ಮೂವತ್ತೋ ಮೂವತ್ತೆರಡೋ ಅಷ್ಟೇ. 2017ರಲ್ಲಿ ಇದೇ ಸಪ್ಲೈಯರ್, ಇದೇ ಡಿಸೈನು, ನೂರಕ್ಕೆ ಹನ್ನೊಂದು ಎಸೀತಿದ್ದೆ. ಆಗ ನನ್ನ ಪಾರ್ಟ್ನರ್‌ನಿಂದ ಹಿಡಿದು ಪಕ್ಕದ ಶೆಡ್‌ನ ಪೌಡರ್ ಕೋಟಿಂಗ್ ಯಜಮಾನ್ರ ತನಕ ಎಲ್ರೂ ಹೇಳಿದ್ದು ಒಂದೇ ಮಾತು, "ಚೀನಾದವ್ರ ಹತ್ರ ಮೆತ್ತಗಾದ್ಯೋ ಕೆಟ್ಟೆ" ಅಂತ. ನಾನು ಮೆತ್ತಗಾಗಿದ್ದಕ್ಕೇ ಕೆಲ್ಸ ಆಗಿದ್ದು, ಅದಕ್ಕೇ ಬರೀತಿದೀನಿ.

ಮೊದಲು ಹಾಳಾಗಿದ್ದು ಹೇಗೆ ಅಂದ್ರೆ, 2017ರ ಜೂನ್‌ನಲ್ಲಿ ಬಂದ ಮೂರು ಸಾವಿರ ಹೌಸಿಂಗ್‌ನಲ್ಲಿ ಸ್ಕ್ರೂ ಹೋಲು ಅರ್ಧ ಎಂಎಂ ಆ ಕಡೆ, ನೀರು ತಡೆಯೋ ಗ್ಯಾಸ್ಕೆಟ್ ಕೂರ್ತಿಲ್ಲ, ನೀರು ಒಳಗೆ. ವೀಚಾಟ್ ಅಂದ್ರೆ ಚೀನಾದವರ ವಾಟ್ಸಾಪ್ ಥರದ ಆಪು, ಅದರ ಗ್ರೂಪ್‌ನಲ್ಲಿ ಅವರ ಬಾಸು, ಪ್ರೊಡಕ್ಷನ್ ಮ್ಯಾನೇಜರು, ಆ ಮ್ಯಾನೇಜರ ಕೈಕೆಳಗಿನ ಲೈನ್ ಲೀಡರ್‌ಗಳು ಎಲ್ಲಾ ಇದ್ರು, ನಾನು ಫೋಟೋಗಳಿಗೆ ಕೆಂಪು ರೌಂಡ್ ಹಾಕಿ "ಇದನ್ನ ಯಾರು ಚೆಕ್ ಮಾಡಿದ್ದು?" ಅಂತ ಅಲ್ಲೇ ಹಾಕ್ದೆ. ನಮ್ಮ ಶೆಡ್‌ನಲ್ಲಿ ಇದು ದೊಡ್ಡ ವಿಷಯನೇ ಅಲ್ಲ, ಬೆಳಗ್ಗೆ ಸೂಪರ್‌ವೈಸರ್‌ಗೆ ಬೈದಿರ್ತೀನಿ, ಹತ್ತು ಗಂಟೆಗೆ ಒಟ್ಟಿಗೆ ಟೀ ಕುಡೀತಿರ್ತೀವಿ, ಅವನೂ "ಯಜಮಾನ್ರು ಬೈದ್ರೆ ಏನಾಯ್ತು" ಅಂತಾನೆ. ಅಲ್ಲಿಂದ ಬಂದಿದ್ದು ಬರೀ "ನೋಡ್ತೀವಿ" ಅಂತ ಒಂದು ಮೆಸೇಜು. ಆಮೇಲೆ ಮ್ಯಾನೇಜರ್ ಮಾತೇ ನಿಲ್ಲಿಸಿದ್ರು, ಡ್ರಾಯಿಂಗ್ ಬಗ್ಗೆ ಏನು ಕೇಳಿದ್ರೂ ಸೇಲ್ಸ್ ಹುಡುಗಿ ಉತ್ತರ ಕೊಡೋಳು, ಮುಂದಿನ ಲಾಟು ಹೆಚ್ಚುಕಮ್ಮಿ ನಲವತ್ತು ದಿನ ಲೇಟು. ನನ್ನ ಹತ್ರ ಲೈಟ್ ತಗೊಳ್ಳೋ ಕಂಟ್ರಾಕ್ಟರ್ ಪೆನಾಲ್ಟಿ ಹಿಡಿದ. ಎಲ್ಲಾ ಸೇರಿ ಆರೂವರೆ ಲಕ್ಷ ಹೋಯ್ತು.

ಆ ಅಕ್ಟೋಬರ್‌ನಲ್ಲಿ ಕ್ಯಾಂಟನ್ ಫೇರ್ ಅನ್ನೋ ದೊಡ್ಡ ವ್ಯಾಪಾರ ಮೇಳಕ್ಕೆ ಅಂತ ಗುವಾಂಗ್‌ಝೌಗೆ ಹೋಗಿದ್ದೆ. ನನ್ನ ಜೊತೆ ಬರ್ತಿದ್ದ ವಯಸ್ಸಾದ ದುಭಾಷಿ ಕಥೆಯೆಲ್ಲಾ ಕೇಳಿ ಹೇಳಿದ್ದಿಷ್ಟು: ಆ ಮ್ಯಾನೇಜರ್‌ನ ಅವರ ಬಾಸ್ ಎಲ್ರೆದುರು ಬೈಬಹುದು, ಬೈತಾರೆ ಕೂಡ, ಆದ್ರೆ ಹೊರಗಿನವನು ನೀನು, ಅವರ ಕೈಕೆಳಗಿನ ಹುಡುಗರೆದುರು ಅವರ ಮುಖ ಕಿತ್ತುಕೊಂಡೆ. ಅವರದಕ್ಕೆ ಮಿಯೆನ್‌ಝ ಅಂತಾರೆ, ಮುಖ ಅಂತಲೇ ಅರ್ಥ. ನಾವೂ "ಯಾವ ಮುಖ ಇಟ್ಕೊಂಡು ಹೋಗ್ಲಿ" ಅಂತೀವಲ್ಲ, ಅದೇ. ನಮ್ಮಲ್ಲಿ ದೊಡ್ಡೋರು ಬೈದ್ರೆ ಮುಖ ಹೋಗಲ್ಲ, ಚಿಕ್ಕೋರು ಎದುರು ಮಾತಾಡಿದ್ರೆ ಹೋಗುತ್ತೆ. ಅಲ್ಲಿ ತನ್ನ ಜನದ ಎದುರು ಹೊರಗಿನವನು ಬೆರಳು ತೋರಿಸಿದ್ರೆ ಹೋಗುತ್ತೆ.

ಮಾರನೇ ದಿನ ಡೊಂಗ್‌ಗುವಾನ್‌ಗೆ ಹೋಗಿ ಬಾಸು, ಮ್ಯಾನೇಜರ್ ಜೊತೆ ಊಟಕ್ಕೆ ಕೂತ್ವಿ. ನಾನು ಕುಡಿಯಲ್ಲ, ಟೀ ಕಪ್‌ನಲ್ಲೇ ಗಾನ್‌ಬೇ, ಅಂದ್ರೆ ಅವರ ಚಿಯರ್ಸ್, ಹೇಳಿದೆ, ಕಪ್ ತಾಗಿಸುವಾಗ ನಂದು ಅವರ ಕಪ್‌ಗಿಂತ ಒಂದು ಬೆರಳು ಕೆಳಗೆ ಹಿಡ್ಕೊಂಡೆ, ಅದು ಅಲ್ಲಿ ಮರ್ಯಾದೆ. ಅವರ ಬಾಸ್ ಎದುರೇ ಹೇಳ್ದೆ, ನಮ್ಮ ಡ್ರಾಯಿಂಗ್‌ನಲ್ಲಿ ಆ ಹೋಲಿಗೆ ಟಾಲರೆನ್ಸ್, ಅಂದ್ರೆ ಎಷ್ಟು ಹೆಚ್ಚುಕಮ್ಮಿ ಆದ್ರೆ ಪರವಾಗಿಲ್ಲ ಅನ್ನೋದು, ಬರೆದಿರಲಿಲ್ಲ, ನಮ್ಮದೂ ತಪ್ಪಿದೆ, ರೀವರ್ಕ್‌ನ ಅರ್ಧ ಖರ್ಚು ನಾನು ಕೊಡ್ತೀನಿ ಅಂತ. ಟಾಲರೆನ್ಸ್ ಬರೆದಿರಲಿಲ್ಲ ಅನ್ನೋದು ನಿಜವೇ. ತೊಂಬತ್ತು ಸಾವಿರದ ಹತ್ರ ಬಂತು. "ನಮ್ಮ ಕಾಸಲ್ಲಿ ಅವ್ರ ತಪ್ಪು ತಿದ್ದುತೀಯಾ" ಅಂತ ಪಾರ್ಟ್ನರ್ ಹದಿನೈದು ದಿನ ನನ್ನ ಜೊತೆ ಸರಿಯಾಗಿ ಮಾತಾಡ್ಲಿಲ್ಲ.

ಮುಂದಿನ ಲಾಟ್ ಪ್ಯಾಕ್ ಆಗೋ ಮುಂಚೆ ಒಂದು ರಾತ್ರಿ ಮ್ಯಾನೇಜರ್ ನನಗೊಬ್ಬನಿಗೇ ಫೋಟೋ ಕಳಿಸಿದ್ರು, ಎರಕ ಹೊಯ್ದ ಕಾಸ್ಟಿಂಗ್‌ನಲ್ಲಿ ಸಣ್ಣ ಸಣ್ಣ ತೂತು, "ಕಳಿಸಲ್ಲ, ಮೂರು ದಿನ ಕೊಡು" ಅಂತ. ಒಂದೂವರೆ ವರ್ಷದಲ್ಲಿ ಅಲ್ಲಿಂದ ಕೆಟ್ಟ ಸುದ್ದಿ ತಾನಾಗೇ ಬಂದಿದ್ದು ಅದೇ ಮೊದಲು. ಆ ತೊಂಬತ್ತು ಸಾವಿರ ನನಗೆ ಆವತ್ತೇ ವಾಪಸ್ ಬಂದಂಗಾಯ್ತು. ಮಾಡಿದ ಉಪಕಾರದ ಲೆಕ್ಕಕ್ಕೆ ಅವರು ರೆನ್‌ಚಿಂಗ್ ಅಂತಾರೆ, ಬಾಯಲ್ಲಿ ಹೇಳಲ್ಲ, ಮನಸ್ಸಲ್ಲಿ ಇಟ್ಕೊಂಡು ತೀರಿಸ್ತಾರೆ.

ಇದೇ ವಿದ್ಯೆನ ಪೀಣ್ಯದ ನನ್ನ ಗ್ಯಾಸ್ಕೆಟ್ ವೆಂಡರ್ ಹತ್ರ ಮಾಡ್ದೆ, ರೀವರ್ಕ್‌ಗೆ ಅರ್ಧ ಕೊಟ್ಟೆ, ಮುಂದಿನ ಸಲ ಅವರೇ ಬಂದು "ಹೋದ ಸಲದ ಥರಾನೇ ಅರ್ಧ ಅರ್ಧ ಅಲ್ವಾ ಸರ್" ಅಂದ್ರು. ಅವರ ತಪ್ಪಲ್ಲ. ಇಲ್ಲಿ ಸಣ್ಣ ವೆಂಡರ್‌ನ ಎಲ್ರೂ ತೊಂಬತ್ತು ದಿನ, ನೂರಿಪ್ಪತ್ತು ದಿನ ದುಡ್ಡಿಗೆ ಅಲೆಸ್ತಾರೆ, 45 ದಿನದೊಳಗೆ ಕೊಡಬೇಕು ಅಂತ ಸಣ್ಣ ಕೈಗಾರಿಕೆಗಳ ಎಂಎಸ್‌ಎಂಇ ಕಾನೂನಿದ್ರೂ ಅಷ್ಟೇ. ನಾನು ಹದಿನೈದು ದಿನಕ್ಕೆ ಕೊಡೋಕೆ ಶುರು ಮಾಡ್ದೆ, ಅವರ ಮಗಳ ಮದುವೆಗೆ ಹಿಂದಿನ ರಾತ್ರಿ ಆರತಕ್ಷತೆಗೂ ಹೋದೆ, ಬೆಳಗ್ಗೆ ಧಾರೆಗೂ ಕೂತೆ. ಅಲ್ಲಿಂದ ಗ್ಯಾಸ್ಕೆಟ್ ಸರಿಯಾಯ್ತು.

ಇನ್ನೊಂದು, ಎರಡೂ ಕಡೆ "ಆಗುತ್ತಾ?" ಅಂತ ಕೇಳಲೇಬಾರದು. ಅಲ್ಲಿ "ಮೇ ವೆನ್‌ತಿ" (ತೊಂದ್ರೆ ಇಲ್ಲ), ಇಲ್ಲಿ "ಆಗುತ್ತೆ ಸರ್", ಎರಡಕ್ಕೂ ಅರ್ಥ ಒಂದೇ, ನಿಮ್ಮನ್ನ ಬೇಜಾರು ಮಾಡೋಕೆ ಇಷ್ಟ ಇಲ್ಲ ಅಂತ. ನಾನು ಕೇಳೋದು, ಯಾವ ಮೆಷಿನ್, ಯಾವ ತಾರೀಕು, ಅವತ್ತು ಅದರ ಮೇಲೆ ಬೇರೆ ಯಾರ ಕೆಲಸ ಇದೆ. ಇದಾದ ಮೇಲೆ ನಾಲ್ಕನೇ ಪ್ರಶ್ನೆ ಒಂದಿದೆ, ಅದನ್ನ ಇಲ್ಲಿ ಬರೆಯಲ್ಲ, ಅದ್ರಿಂದಾನೇ ನನ್ನ ಅನ್ನ ಬೇಯ್ತಿರೋದು.

2020ರ ಜೂನ್‌ನಲ್ಲಿ 59 ಆಪ್ ನಿಷೇಧ ಆದಾಗ ವೀಚಾಟೂ ಹೋಯ್ತು. ಎಲ್ಲಾ ಇಮೇಲ್‌ಗೆ ಬಂತು, ಇಮೇಲ್ ಅಂದ್ಮೇಲೆ ನಮ್ಮ ಪರ್ಚೇಸ್ ಹುಡುಗರು ಅಭ್ಯಾಸಬಲದಿಂದ ಪ್ರತಿಯೊಂದಕ್ಕೂ ಅವರ ಬಾಸ್‌ಗೆ ಸಿಸಿ, ಅಂದ್ರೆ ಕಾಪಿ, ಹಾಕೋದು. ಮೂರೇ ತಿಂಗಳಲ್ಲಿ ರಿಜೆಕ್ಷನ್ ಮತ್ತೆ ನೂರಕ್ಕೆ ಎಂಟಾಯ್ತು. ಕಾರಣ ಹಿಡಿಯೋಕೆ ನನಗೆ ಸ್ವಲ್ಪ ದಿನ ಬೇಕಾಯ್ತು. ಆಮೇಲೆ ರೂಲ್ ಮಾಡ್ದೆ: ತಪ್ಪಿನ ಮೇಲ್ ಮ್ಯಾನೇಜರ್ ಒಬ್ಬರಿಗೇ, ಹೊಗಳೋ ಮೇಲ್‌ಗೆ ಮಾತ್ರ ಬಾಸ್‌ಗೆ ಸಿಸಿ. ಮಾತಲ್ಲಿ ತಪ್ಪು ಹೇಳೋ ಬದಲು ಸರಿ ಪೀಸು, ಎನ್‌ಜಿ (ನೋ ಗುಡ್) ಪೀಸು ಎರಡನ್ನೂ ಸೈನ್ ಮಾಡಿ ಕೊರಿಯರ್ ಮಾಡ್ತೀನಿ, ಅವರು ಅದನ್ನ ಲೈನ್‌ನಲ್ಲೇ ನೇತು ಹಾಕ್ಕೊಂಡಿದಾರೆ.

ಅಲ್ಲಿ ನೋಡಿದ್ದನ್ನ ಇಲ್ಲೂ ಮಾಡೋಣ ಅಂತ ಎರಡು ಪ್ರಯೋಗ ಮಾಡ್ದೆ. ಯಾರ ಲೈನಲ್ಲಿ ಎಷ್ಟು ರಿಜೆಕ್ಟ್ ಅಂತ ಹೆಸರು ಸಮೇತ ಬೋರ್ಡ್ ಹಾಕಿದೆ, ನಾಲ್ಕನೇ ದಿನಕ್ಕೆ ಹಾವೇರಿ ಕಡೆಯ ಒಳ್ಳೇ ಹುಡುಗ ಒಬ್ಬ ಕೆಲಸ ಬಿಟ್ಟ, ಅವನ ಊರಿನವರೇ ಪಕ್ಕದ ಲೈನಲ್ಲಿದ್ರು. ಅವತ್ತೇ ಬೋರ್ಡ್ ಕಿತ್ತೆ, ಅವನ ಮನೆಗೆ ಎರಡು ಸಲ ಫೋನ್ ಮಾಡಿದ್ರೂ ಬರ್ಲಿಲ್ಲ, ಇವತ್ತಿಗೂ ನನಗದು ನೋವು. ಇನ್ನೊಂದು, ಅಲ್ಲಿ ಮಧ್ಯಾಹ್ನ ಊಟ ಆದ್ಮೇಲೆ ಲೈಟ್ ಆರಿಸಿ ಟೇಬಲ್ ಮೇಲೆ ತಲೆ ಇಟ್ಟು ಮಲಗ್ತಾರಲ್ಲ, ಅದನ್ನ ಅರ್ಧ ಗಂಟೆ ಇಲ್ಲೂ ತಂದೆ. ಸೋಲ್ಡರಿಂಗ್ ಹೆಣ್ಮಕ್ಕಳು ಮೊದಲು ನಾಚ್ಕೊಂಡ್ರು, ಈಗ ಚಾಪೆ ತರ್ತಾರೆ. ಸಂಜೆ ನಾಲ್ಕರ ಮೇಲಿನ ಡ್ರೈ ಸೋಲ್ಡರ್, ಅಂದ್ರೆ ಸರಿಯಾಗಿ ಹಿಡಿಯದ ಬೆಸುಗೆ, ಮೂರರಲ್ಲಿ ಒಂದು ಪಾಲು ಕಮ್ಮಿ ಆಗಿದೆ.

ಚೀನಾದವರ ಹೊಸ ವರ್ಷದ ಹಿಂದಿನ ಹತ್ತು ದಿನ, ಆಮೇಲಿನ ಮೂರು ವಾರದ ಮಾಲು ನಾನು ತಗೊಳ್ಳಲ್ಲ, ಮೊದಲು ಮನಸ್ಸೆಲ್ಲ ಊರಲ್ಲಿರುತ್ತೆ, ಆಮೇಲೆ ಅರ್ಧ ಕೈಗಳು ಹೊಸಬರದು. ನಮ್ಮಲ್ಲಿ ಜಾತ್ರೆ ಟೈಮಲ್ಲಿ ಆಗೋದೂ ಇದೇ.

ಹೋದ ವಾರ ಆ ಮ್ಯಾನೇಜರ್ ಮೇಲ್ ಹಾಕಿದ್ರು, ಮುಂದಿನ ವರ್ಷ ನಿಂಗ್‌ಬೋ ಕಡೆ ಬೇರೆ ಫ್ಯಾಕ್ಟರಿಗೆ ಹೋಗ್ತಾರಂತೆ, ಅವರ ಬಾಸ್‌ಗೂ ಇನ್ನೂ ಹೇಳಿಲ್ಲ. ತನ್ನ ಜಾಗಕ್ಕೆ ಬರೋರ ಜೊತೆ ನಿನ್ನನ್ನ ಊಟಕ್ಕೆ ಕೂರಿಸ್ತೀನಿ, ಅಷ್ಟರಲ್ಲಿ ಬಾ ಅಂದಿದಾರೆ. ವೀಸಾಗೆ ಹಾಕಿದೀನಿ. ಈ ಸಲ ಪಾರ್ಟ್ನರೂ ಬರ್ತಿದಾರೆ.