ಮೂಗು ಮುರಿಯುವ ಬೆಕ್ಕಿಗೆ ಮನೆಯಡುಗೆ ರೂಢಿಸುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆಯ ಮನೆಗಳಲ್ಲಿ ಬೆಕ್ಕಿಗೆ ಹಾಲು-ಅನ್ನ ಕಲಸಿ ಇಡುವುದು, ಇಲ್ಲವೇ ಉಳಿದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಹಾಕುವುದು ಹಿಂದಿನಿಂದ ಬಂದ ರೂಢಿ. ಕಾಳಿನ ಚೀಲಗಳ ಸಂದಿಯಲ್ಲಿ ಇಲಿ ಹಿಡಿದು ತಿನ್ನುತ್ತಿದ್ದ ಬೆಕ್ಕಿಗೆ ಅದು ಸಾಕಾಗಿತ್ತು. ಏಕೆಂದರೆ ಅದರ ನಿಜವಾದ ಊಟ ಇಲಿಯೇ ಆಗಿತ್ತು. ಈಗ ಬಾಗಿಲು ದಾಟಿಸದೆ ಸಾಕುವ ಬೆಕ್ಕಿಗೆ ಆ ಆಧಾರವಿಲ್ಲ. ಆದ್ದರಿಂದ ಮನೆಯಡುಗೆ ಎಂದರೆ ಮಾಂಸ, ಮೀನು, ಮೊಟ್ಟೆಯ ಅಡುಗೆಯೇ ಹೊರತು ನಾವು ಉಂಡು ಉಳಿದದ್ದಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಅಂಗಡಿಯ ಕ್ಯಾಟ್ ಫುಡ್‌ಗೆ ಒಗ್ಗಿದ ಬೆಕ್ಕು ಬೇಯಿಸಿದ ಕೋಳಿಯನ್ನು ಮೂಸಿ, ತಟ್ಟೆಯ ಪಕ್ಕದ ನೆಲವನ್ನು ಮುಂಗಾಲಿನಿಂದ ಕೆರೆದು ಹೊರಟುಹೋದರೆ, ಅದಕ್ಕೆ ಸೊಕ್ಕು ಬಂದಿದೆ ಎಂದು ಬೈಯುವವರೇ ಹೆಚ್ಚು. ಅದು ಸೊಕ್ಕಲ್ಲ. ಬೆಕ್ಕು ಆಹಾರವನ್ನು ಗುರುತಿಸುವುದು ನಾಲಿಗೆಗಿಂತ ಹೆಚ್ಚಾಗಿ ಮೂಗಿನಿಂದ. ಸಿಹಿಯ ರುಚಿಯಂತೂ ಅದಕ್ಕೆ ತಿಳಿಯುವುದೇ ಇಲ್ಲ. ಮರಿಯಾಗಿದ್ದಾಗ ಯಾವ ವಾಸನೆಯನ್ನು ಊಟವೆಂದು ಕಲಿತಿತ್ತೋ ಅದನ್ನೇ ದೊಡ್ಡದಾದ ಮೇಲೂ ನಂಬುತ್ತದೆ. ಹೊಸ ವಾಸನೆಯನ್ನು ನಂಬಿಸುವುದಷ್ಟೇ ನಮ್ಮ ಕೆಲಸ.

ಹೀಗೆ ನಂಬಿಸಲು ಮೊದಲ ಕೆಲವು ದಿನ ಹಳೆಯ ಆಹಾರವನ್ನು ಮುಟ್ಟದೆ, ಹೊಸದನ್ನು ಒಂದು ಚಮಚದಷ್ಟು ಮಾತ್ರ ಬೇರೆ ತಟ್ಟೆಯಲ್ಲಿ ಪಕ್ಕಕ್ಕೆ ಇಡಿ. ತಿನ್ನದಿದ್ದರೂ ಪರವಾಗಿಲ್ಲ, ವಾಸನೆ ಪರಿಚಯವಾದರೆ ಸಾಕು. ಅನಂತರ ಹಳೆಯದರೊಳಗೆ ಚಿಟಿಕೆಯಷ್ಟು ಬೆರೆಸಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ. ಸಾಧು ಬೆಕ್ಕಾದರೆ 7ರಿಂದ 10 ದಿನಗಳಲ್ಲಿ ಒಪ್ಪಿಕೊಳ್ಳುತ್ತದೆ, ಹಟದ ಬೆಕ್ಕಿಗೆ ತಿಂಗಳೂ ಹಿಡಿಯಬಹುದು. ತಟ್ಟೆಯನ್ನು ಬಿಟ್ಟು ಎದ್ದರೆ ಹಿಂದಿನ ಪ್ರಮಾಣಕ್ಕೇ ಮರಳಿ. ಕ್ಯಾಟ್ ಫುಡ್ ಅನ್ನು ಕುಟ್ಟಿ ಪುಡಿಮಾಡಿ, ಬೇಯಿಸಿದ ಮಾಂಸದ ಮೇಲೆ ಉದುರಿಸಿ ಕೊಡುವುದು ನನಗೆ ತಿಳಿದಂತೆ ಎಲ್ಲಕ್ಕಿಂತ ಫಲ ಕೊಡುವ ಉಪಾಯ.

ಹಸಿವಾದರೆ ತಾನೇ ತಿನ್ನುತ್ತದೆ ಎಂದು ಉಪವಾಸ ಕೆಡವುವುದನ್ನು ಮಾತ್ರ ಯಾರೂ ಮಾಡಬಾರದು. ಎರಡು-ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ಮೈತುಂಬಿದ ಬೆಕ್ಕಿನ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತು ಬರುತ್ತದೆ. ಒಂದು ದಿನ ಪೂರ್ತಿ ಬಾಯಿಗೆ ಏನನ್ನೂ ಹಾಕದಿದ್ದರೆ ಹಳೆಯ ಆಹಾರವನ್ನೇ ಕೊಡಿ. ಅದನ್ನೂ ಒಲ್ಲೆನೆಂದರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ.

ಅಡುಗೆಯ ವಿಷಯಕ್ಕೆ ಬಂದರೆ, ಕೋಳಿಯ ಎದೆಯ ಮಾಂಸಕ್ಕಿಂತ ತೊಡೆಯ ಮಾಂಸ ಮತ್ತು ಹೃದಯ ಬೆಕ್ಕಿಗೆ ಹೆಚ್ಚು ಹಿತ, ಏಕೆಂದರೆ ಅವುಗಳಲ್ಲಿ ಟಾರಿನ್ ಎಂಬ ಸತ್ವ ಹೆಚ್ಚು. ಆಹಾರದಲ್ಲಿ ಈ ಟಾರಿನ್ ಕೊರತೆಯಾದರೆ ಬೆಕ್ಕಿನ ಹೃದಯ ಸೋಲುತ್ತದೆಂದು 1987ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ತೋರಿಸಿದ ಮೇಲೆ ಪೊಟ್ಟಣದ ಆಹಾರ ತಯಾರಿಸುವವರೂ ಅದನ್ನು ಹೆಚ್ಚಿಸಿದರು. ಟಾರಿನ್ ಬೇಯಿಸಿದ ನೀರಿನೊಳಗೆ ಇಳಿದುಹೋಗುವುದರಿಂದ ಮಾಂಸವನ್ನು ಮುಳುಗುವಷ್ಟು ನೀರು ಹೊಯ್ದು ಕುದಿಸದೆ, ಸ್ವಲ್ಪವೇ ನೀರಿನಲ್ಲಿ ಬೇಯಿಸಿ, ಆ ರಸವನ್ನು ಚೆಲ್ಲದೆ ಮಾಂಸದ ಮೇಲೆಯೇ ಹೊಯ್ಯಿರಿ. ನೀರು ಕುಡಿಯಲು ಹಿಂದೆಗೆಯುವ ಬೆಕ್ಕಿಗೆ ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಆ ರಸವೇ ನೀರಿನ ದಾರಿಯೂ ಆಗುತ್ತದೆ. ಬೆಂದ ಮೂಳೆ ಚೂಪಾಗಿ ಸೀಳುವುದರಿಂದ ಒಂದನ್ನೂ ಬಿಡದೆ ತೆಗೆದು, ಮಾಂಸವನ್ನು ಬೆರಳಿನಿಂದ ನಾರುನಾರಾಗಿ ಬಿಡಿಸಿ. ಮೂಳೆ ತೆಗೆದ ಮೇಲೆ ಸುಣ್ಣದ ಅಂಶಕ್ಕಾಗಿ, ತೊಳೆದು ಕುದಿಸಿ ಒಣಗಿಸಿದ ಮೊಟ್ಟೆಯ ಸಿಪ್ಪೆಯನ್ನು ಮಿಕ್ಸಿಯಲ್ಲಿ ಹಿಟ್ಟಿನಂತೆ ನುಣ್ಣಗೆ ಮಾಡಿ, ಅರ್ಧ ಕಿಲೋ ಮಾಂಸಕ್ಕೆ ಅರ್ಧ ಟೀ ಚಮಚದಂತೆ ಬೆರೆಸಬೇಕು. ಕೋಳಿಯ ಲಿವರ್ ಅಷ್ಟೇ ಮಾಂಸಕ್ಕೆ 25 ಗ್ರಾಂ ಮೀರಬಾರದು. ಹೆಚ್ಚಾದರೆ ಎ ಜೀವಸತ್ವವೇ ವಿಷವಾಗುತ್ತದೆ. ಸೂಳೆಕೆರೆಯದಾಗಲಿ, ವಾಣಿವಿಲಾಸ ಸಾಗರದ್ದಾಗಲಿ, ಮೀನನ್ನು ಬೇಯಿಸಿಯೇ ಕೊಡಿ, ಅದೂ ವಾರಕ್ಕೆ ಒಂದೆರಡು ಸಲ ಸಾಕು. ಉಪ್ಪು ಹಚ್ಚಿದ ಒಣಮೀನು ಬೇಡವೇ ಬೇಡ.

ಮನೆಯವರ ಸಾರಿಗೆ ಬೇಯಿಸಿದ ಮಾಂಸದಿಂದಲೇ ಬೆಕ್ಕಿನ ಪಾಲು ತೆಗೆಯುವುದಾದರೆ, ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಬೀಳುವ ಮೊದಲೇ ತೆಗೆದಿಡಬೇಕು. ಈರುಳ್ಳಿ-ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ. ಹಸಿಯಾದರೂ ಬೆಂದಿದ್ದಾದರೂ ಅಪಾಯ ಒಂದೇ.

ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮಾಂಸಕ್ಕೆ ವಾಸನೆ ಏಳುವುದಿಲ್ಲವಾದ್ದರಿಂದ ಒಳ್ಳೆಯ ಅಡುಗೆಯೂ ತಟ್ಟೆಯಲ್ಲೇ ಉಳಿದುಬಿಡುತ್ತದೆ. ಬಟ್ಟಲನ್ನು ಬಿಸಿನೀರಿನಲ್ಲಿ ಕೆಲಹೊತ್ತು ಇಟ್ಟು, ಬೆರಳು ಇಟ್ಟರೆ ಉಗುರುಬೆಚ್ಚಗೆ ಅನಿಸುವಷ್ಟಾದಾಗ ಕೊಡಿ. ಆಗ ತಾನೇ ಹಿಡಿದ ಇಲಿಯ ಮೈಬಿಸಿಯೂ ಅಷ್ಟೇ ಇರುತ್ತದೆ. ತಟ್ಟೆ ಅಗಲವಾಗಿ, ಮೀಸೆಗೆ ತಾಗದಂತೆ ಇರಲಿ. ಸೋಪಿನ ವಾಸನೆ ಉಳಿಯದಂತೆ ತೊಳೆದಿರಲಿ. ಇರುವೆ ಹತ್ತಿದರೆ ಬೆಕ್ಕು ಹತ್ತಿರವೂ ಸುಳಿಯುವುದಿಲ್ಲವಾದ್ದರಿಂದ ನೀರು ಹಾಕಿದ ದೊಡ್ಡ ತಟ್ಟೆಯೊಳಗೆ ಅದನ್ನು ಇಡಿ. ಹೊತ್ತಿಗೆ ಸರಿಯಾಗಿ ಬಡಿಸಿ, ಅರ್ಧ ಗಂಟೆಯ ಮೇಲೆ ಎತ್ತಿಬಿಡಿ, ನಡುವೆ ಬಿಸ್ಕತ್ತು, ಹಾಲು ಕೊಡಬೇಡಿ. ಚೈತ್ರ-ವೈಶಾಖದ ಬಿಸಿಲಿನಲ್ಲಿ ಎತ್ತದೆ ಬಿಟ್ಟ ಮಾಂಸ ಕೆಡಲು ಹೆಚ್ಚು ಹೊತ್ತು ಬೇಡ.

ಮಾಂಸವನ್ನು ಮನೆಯೊಳಗೆ ತರದವರು ಬೆಕ್ಕನ್ನೂ ಸಸ್ಯಾಹಾರಿ ಮಾಡಲು ಹೋಗಬಾರದು. ಅದರ ದೇಹ ಅದಕ್ಕೆ ಒಗ್ಗುವುದಿಲ್ಲ. ಅಂಥ ಮನೆಗಳಲ್ಲಿ ಕ್ಯಾಟ್ ಫುಡ್ ಮುಂದುವರಿಸಿ, ಒಪ್ಪಿಗೆಯಿದ್ದರೆ ಬೇಯಿಸಿದ ಮೊಟ್ಟೆಯನ್ನು ಹಿಸುಕಿ ಮೇಲೆ ಹಾಕಿದರೆ ಸಾಕು. ಪೂರ್ತಿ ಮನೆಯಡುಗೆಗೇ ತರುವವರು ಟಾರಿನ್ ಪುಡಿ ಎಷ್ಟು ಬೆರೆಸಬೇಕೆಂದು ಪಶುವೈದ್ಯರನ್ನು ಕೇಳಿ ನಿರ್ಧರಿಸಬೇಕು. ಮೂತ್ರಪಿಂಡದ ತೊಂದರೆಯಿರುವ ಮುದಿ ಬೆಕ್ಕಿನ ಆಹಾರವನ್ನಂತೂ ಅವರಿಗೆ ತೋರಿಸದೆ ಬದಲಿಸಬೇಡಿ.