ಮೊದಲು ಗುಂಡಿ, ಆಮೇಲೆ ದನದ ಮಾತು

ಅಮೆರಿಕದ ಇಡಾಹೋ ರಾಜ್ಯದ ದಕ್ಷಿಣಕ್ಕಿರುವ ಸೇಜ್‌ಬ್ರಷ್ ಬಯಲಲ್ಲಿ ಗಿಡ, ಹುಲ್ಲು ಲೆಕ್ಕ ಹಾಕುವುದು ನನ್ನ ಕೆಲಸ. ಸೇಜ್‌ಬ್ರಷ್ ಎಂಬ ಈ ಪೊದೆ ನಮ್ಮ ದವನದ ಬಳಗದ್ದೇ. ಎಲೆ ಹೊಸಕಿದರೆ ಕೈಗೆ ಹತ್ತಿದ ಘಮ ಸಂಜೆವರೆಗೂ ಹೋಗುವುದಿಲ್ಲ.

ಮೊದಲ ವರ್ಷ ಒಂದು ಬೇಲಿಯ ಎರಡೂ ಕಡೆ ನೋಡಿದೆ. ಈಚೆ ಸೊಂಟದೆತ್ತರದ ಪೊದೆ, ನಡುನಡುವೆ ಬ್ಲೂಬಂಚ್ ಹುಲ್ಲಿನ ಕಂತೆಗಳು. ಆಚೆ ದನ ಮೇಯುತ್ತಿದ್ದವು. ಅಲ್ಲಿ ಪೊದೆ ಮೊಣಕಾಲಿಗೂ ಬರುತ್ತಿರಲಿಲ್ಲ. ‘ಜಾಸ್ತಿ ಮೇಯಿಸಿದ ಜಾಗ’ ಎಂದು ಬರೆದುಬಿಟ್ಟೆ.

ಮರುದಿನ ಗುಂಡಿ ತೋಡಿದೆ. ಆಚೆ ಕಡೆ ಒಂದು ಗೇಣು ಕೆಳಗೇ ಗಟ್ಟಿ ಜೇಡಿಯ ಪದರ. ಒದ್ದೆ ಮಾಡಿ ಬೆರಳಲ್ಲಿ ಒತ್ತಿದರೆ ಉದ್ದ ಪಟ್ಟಿಯಾಗಿ ಎಳೆಯಬಹುದಿತ್ತು. ವಸಂತದಲ್ಲಿ ಇಂಥ ಪದರದ ಮೇಲೆ ನೀರು ನಿಲ್ಲುತ್ತದೆ, ದೊಡ್ಡ ಸೇಜ್‌ಬ್ರಷ್‌ನ ಬೇರು ಆಳಕ್ಕೆ ಇಳಿಯಲಾರದು. ಅಲ್ಲಿದ್ದದ್ದು ಬೇರೆಯೇ ಜಾತಿ, ಗಿಡ್ಡ ಸೇಜ್‌ಬ್ರಷ್. ದನ ಬರದಿದ್ದರೂ ಅದು ಅಷ್ಟೇ ಬೆಳೆಯುತ್ತದೆ. ಮಣ್ಣು ಬದಲಾಗುವ ಕಡೆಯೇ ಬೇಲಿಯೂ ಬಂದಿತ್ತು, ಅಷ್ಟೇ. ಬರೆದದ್ದನ್ನು ಹೊಡೆದುಹಾಕಿದೆ.

ಅಂದಿನಿಂದ ಮಣ್ಣು ಒಂದೇ ಇರುವ ಜಾಗಗಳನ್ನು ಮಾತ್ರ ಹೋಲಿಸುತ್ತೇನೆ. ದನ ಕುಡಿಯುವ ತೊಟ್ಟಿಯಿಂದ ಶುರು ಮಾಡಿ, ದೂರ ಹೋಗುತ್ತಾ ಅಲ್ಲಲ್ಲಿ 50 ಮೀಟರ್ ಟೇಪು ಹಾಸುತ್ತೇನೆ. ಪ್ರತಿ ಅರ್ಧ ಮೀಟರಿಗೆ ಸಣ್ಣ ಕಂಬಿ ಇಳಿಸಿ, ಅದಕ್ಕೆ ತಗುಲಿದ್ದನ್ನೆಲ್ಲ ಬರೆಯುತ್ತೇನೆ. ಬೇಸರದ ಕೆಲಸ ಅನಿಸಬಹುದು. ಆದರೆ ಮೇಯುವಿಕೆ ಏನು ಮಾಡಿದೆ ಎಂದು ತಿಳಿಯುವುದು ಇಲ್ಲೇ.

ತೊಟ್ಟಿಯ ಹತ್ತಿರ ನೆಲ ಬೋಳು. ಪಾಚಿ, ಕಲ್ಲುಹೂವು ಸೇರಿ ಕಟ್ಟಿದ ಮೇಲ್ಪದರ ಗೊರಸಿಗೆ ಪುಡಿಯಾಗಿದೆ. ಸ್ವಲ್ಪ ಆಚೆ ಚೀಟ್‌ಗ್ರಾಸ್, ಹೊರಗಿನಿಂದ ಬಂದ ಹುಲ್ಲು. ಅದು ಶರತ್ಕಾಲದಲ್ಲೇ ಮೊಳೆತು, ಬೇಸಿಗೆ ಶುರುವಿಗೇ ಒಣಗುತ್ತದೆ. ಒಣಗಿದ್ದಕ್ಕೆ ಬೆಂಕಿ ಬಿದ್ದರೆ ದೊಡ್ಡ ಸೇಜ್‌ಬ್ರಷ್ ಬುಡದಿಂದ ಮತ್ತೆ ಚಿಗುರುವುದಿಲ್ಲ, ಬೀಜದಿಂದಲೇ ಬರಬೇಕು. ನನಗೆ ಭಯ ಇದರದ್ದೇ, ದನದ್ದಲ್ಲ.

ಬ್ಲೂಬಂಚ್‌ಗೆ ದನಕ್ಕಿಂತ ಅದು ಬರುವ ಹೊತ್ತು ಮುಖ್ಯ. ತೆನೆ ಕಟ್ಟುವ ಮುಂಚೆ, ಕುಡಿ ಮೇಲೇಳುವಾಗ ಮೇಯ್ದರೆ ಅದು ಬಹಳ ಸೊರಗುತ್ತದೆ. ವರ್ಷವರ್ಷವೂ ಹಾಗೇ ಆದರೆ ಬಯಲಿಂದಲೇ ಕಾಣೆಯಾಗುತ್ತದೆ. ಆದರೂ ಪೊದೆಯ ಕೊಂಬೆ ಎತ್ತಿ ನೋಡಬೇಕು. ದನದ ಬಾಯಿ ಸುಲಭವಾಗಿ ಎಟುಕದ ಆ ಒಳಗೆ ಎಷ್ಟೋ ಸಲ ಒಂದೆರಡು ಕಂತೆ ಉಳಿದಿರುತ್ತವೆ. ಕಂಬಿಗೆ ಅವು ಸಿಗುವುದು ಕಡಿಮೆ, ಹಾಗಾಗಿ ಅವಕ್ಕೆಂದೇ ಪುಸ್ತಕದಲ್ಲಿ ಒಂದು ಸಾಲು ಬೇರೆ ಇಟ್ಟಿದ್ದೇನೆ.